ಚುಕ್ಕೆ ಬೆಸುಗೆ: ಹಾಕಿದ ಕಥೆ, ಬಿಡಿಸುವ ಕಥೆ

ಕೆಲವು ವರ್ಷಗಳ ಹಿಂದೆ ನನ್ನ ಕಾರಿಗೆ ಪಕ್ಕದಿಂದ ಲಾರಿಯೊಂದು ತಗುಲಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಎರಡು ಬಾಗಿಲುಗಳ ನಡುವಿನ ಕಂಬ ಒಳಕ್ಕೆ ಬಾಗಿ, ಹಿಂಬದಿಯ ತಗಡು ಮಡಚಿಕೊಂಡಿತ್ತು. ಗ್ಯಾರೇಜಿನಲ್ಲಿ ಟಿಂಕರ್ ಕೆಲಸದ ಹುಡುಗ ಹಳೆಯ ತಗಡನ್ನು ಬಿಡಿಸಲು ಡ್ರಿಲ್ ಹಿಡಿದು ಕುಳಿತ. ಹಿಂಬದಿಯ ಚುಕ್ಕೆಗಳು ಸರಾಗವಾಗಿ ಬಿಟ್ಟುಕೊಂಡವು. ಕಂಬದ ಹತ್ತಿರ ಬಂದಾಗ ಮಾತ್ರ ಬಿಟ್ ಕಿರುಗುಟ್ಟಿತು, ಹೊಗೆಯಾಡಿತು, ನೀಲಿಯಾಗಿ ಮೊಂಡಾಯಿತು. ಎರಡನೆಯದೂ ಹಾಗೆಯೇ ಆಯಿತು. ಮೂರನೆಯದು ಮುರಿದೇ ಹೋಯಿತು. ‘ಇದು ಯಾವ ಸೀಮೆ ಕಬ್ಬಿಣ ಸಾರ್’ ಎನ್ನುತ್ತ ಹುಡುಗ ಗ್ಯಾಸ್ ಕಟರ್ ತರಲು ಎದ್ದ. ಒಳಗಿನಿಂದ ಬಂದ ಹಿರಿಯ ಮೇಸ್ತ್ರಿಯವರು ಅವನನ್ನು ತಡೆದರು. ‘ಅಲ್ಲಿ ಬೆಂಕಿ ಇಡಬೇಡ್ವೋ, ಸತ್ತು ಹೋಗ್ತದೆ’ ಎಂದರು. ಸಾಯುವುದು ಯಾವುದು ಎಂದು ನಾನು ಕೇಳಿದೆ. ‘ಕಬ್ಬಿಣ ಸಾರ್’ ಎಂದರು.

ಭೌತವಿಜ್ಞಾನ ಪಾಠ ಮಾಡುತ್ತ ಮೂರು ದಶಕ ಕಳೆದ ನನಗೆ ಆ ಉತ್ತರ ಬಹಳ ದಿನ ಮನಸ್ಸಿನಲ್ಲಿ ಉಳಿಯಿತು. ಲೋಹವಿಜ್ಞಾನದ ಒಂದು ಅಧ್ಯಾಯವನ್ನೇ ಅವರು ಒಂದು ಮಾತಿನಲ್ಲಿ ಹೇಳಿದ್ದರು. ಕಾರಿನ ಮೈಯಲ್ಲಿ ಮೂರರಿಂದ ಐದು ಸಾವಿರದಷ್ಟು ಬೆಸುಗೆ ಚುಕ್ಕೆಗಳಿರುತ್ತವೆ. ಅವನ್ನು ಹಾಕುವ ವಿದ್ಯೆಯ ಚರಿತ್ರೆಯನ್ನು ಹಲವರು ಬರೆದಿದ್ದಾರೆ. ಬಿಡಿಸುವ ವಿದ್ಯೆಯ ಕಡೆ ಹೆಚ್ಚಿನವರು ಕಣ್ಣು ಹಾಯಿಸಿಲ್ಲ. ಆದರೆ ಬಿಡಿಸುವವನು ಯಾವ ಹತಾರ ಹಿಡಿಯಬೇಕು ಎಂಬುದು ಅವನ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಬೆಸುಗೆ ಹೇಗೆ ಹುಟ್ಟಿತು, ಯಾವ ಉಕ್ಕಿನಲ್ಲಿ ಹುಟ್ಟಿತು ಎಂಬುದೇ ಅದನ್ನು ಮೊದಲೇ ತೀರ್ಮಾನಿಸಿರುತ್ತದೆ.

ಉಪನ್ಯಾಸದ ಮೇಜಿನ ಮೇಲೆ

ನಮ್ಮ ಕಮ್ಮಾರರು ಕುಲುಮೆಯಲ್ಲಿ ಎರಡು ಕಬ್ಬಿಣದ ತುಂಡುಗಳನ್ನು ಬೆಳ್ಳಗೆ ಕಾಯಿಸಿ, ಒಂದರ ಮೇಲೊಂದಿಟ್ಟು ಸುತ್ತಿಗೆಯಿಂದ ಬಡಿದು ಬೆಸೆಯುತ್ತಿದ್ದುದನ್ನು ಹಳ್ಳಿಯಲ್ಲಿ ಬೆಳೆದವರು ನೋಡಿರಬಹುದು. ಬೇಕಾದದ್ದು ಎರಡೇ: ಶಾಖ ಮತ್ತು ಒತ್ತಡ. ಶಾಖವನ್ನು ಕೆಂಡದ ಬದಲು ವಿದ್ಯುತ್ತಿನಿಂದ ಪಡೆಯುವ ದಾರಿ ತೆರೆದದ್ದು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೌಲ್. ವಾಹಕದಲ್ಲಿ ಉಂಟಾಗುವ ಶಾಖ ಪ್ರವಾಹದ ವರ್ಗಕ್ಕೂ ರೋಧಕ್ಕೂ ಅನುಪಾತದಲ್ಲಿರುತ್ತದೆ ಎಂದು ಅವನು 1841ರಲ್ಲಿ ಪ್ರಕಟಿಸಿದ. ನಮ್ಮ ಪಠ್ಯಪುಸ್ತಕಗಳಲ್ಲಿ ಇಂದಿಗೂ ಮಕ್ಕಳು ಬಾಯಿಪಾಠ ಮಾಡುವ ನಿಯಮ ಇದೇ. 1850ರ ದಶಕದಲ್ಲಿ ಜೌಲ್ ತಂತಿಗಳ ಕಟ್ಟಿಗೆ ಪ್ರವಾಹ ಹಾಯಿಸಿ ಅವುಗಳನ್ನು ಬೆಸೆದೂ ತೋರಿಸಿದ. ಆದರೆ ಆಗ ಇದ್ದ ಬ್ಯಾಟರಿಗಳಿಂದ ಅದು ಕಾರ್ಖಾನೆಯ ಕೆಲಸವಾಗುವಂತಿರಲಿಲ್ಲ.

ಮುಂದಿನ ಘಟನೆ ನಡೆದದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಎಲಿಹು ಥಾಮ್ಸನ್ ಅಲ್ಲಿನ ಸೆಂಟ್ರಲ್ ಹೈಸ್ಕೂಲಿನಲ್ಲಿ ಅಧ್ಯಾಪಕನಾಗಿದ್ದ. ಹುಟ್ಟಿದ್ದು 1853ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. 1877ರ ಆರಂಭದಲ್ಲಿ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನಲ್ಲಿ ವಿದ್ಯುತ್ತಿನ ಕುರಿತು ಸಾರ್ವಜನಿಕ ಉಪನ್ಯಾಸಗಳನ್ನು ಕೊಡುತ್ತಿದ್ದ. ಲೈಡನ್ ಜಾಡಿಯೊಂದರ ಆವೇಶವನ್ನು ಪ್ರೇರಣ ಸುರುಳಿಯ ಸಾವಿರಾರು ಸುತ್ತುಗಳ ತೆಳು ತಂತಿಯ ಮೂಲಕ ಹರಿಸಿದ. ಅದೇ ಸುರುಳಿಯ ಕೆಲವೇ ಸುತ್ತುಗಳ ದಪ್ಪ ತಂತಿಯ ತುದಿಗಳು ಒಂದಕ್ಕೊಂದು ಹಗುರಾಗಿ ತಾಗಿಕೊಂಡಿದ್ದವು. ಆಮೇಲೆ ನೋಡಿದರೆ ಅವು ಅಂಟಿಕೊಂಡಿದ್ದವು. ಉಪಕರಣ ಕೆಟ್ಟಿತೆಂದು ಬೇರೆಯವರು ತುದಿಗಳನ್ನು ಕಿತ್ತು ಸುಮ್ಮನಾಗುತ್ತಿದ್ದರೇನೋ. ಥಾಮ್ಸನ್ ಯೋಚಿಸಿದ. ಹೆಚ್ಚು ಸುತ್ತಿನ ಕಡೆಯಿಂದ ಹೆಚ್ಚು ವೋಲ್ಟಿನ ವಿದ್ಯುತ್ ಕೊಟ್ಟರೆ ಕಡಿಮೆ ಸುತ್ತಿನ ಕಡೆ ವೋಲ್ಟ್ ಇಳಿದು ಪ್ರವಾಹ ಏರುತ್ತದೆ. ತುದಿಗಳು ತಾಗುವ ಜಾಗದಲ್ಲಿ ರೋಧ ಹೆಚ್ಚು. ಶಾಖ ಹುಟ್ಟುವುದು ಅಲ್ಲಿಯೇ. 1886ರಲ್ಲಿ ಅವನಿಗೆ ವಿದ್ಯುತ್ ಬೆಸುಗೆಯ ಪೇಟೆಂಟ್ ಸಿಕ್ಕಿತು. ಅವನ ಕಂಪನಿ 1892ರಲ್ಲಿ ಎಡಿಸನ್ನನ ಕಂಪನಿಯೊಡನೆ ಸೇರಿ ಜನರಲ್ ಎಲೆಕ್ಟ್ರಿಕ್ ಆಯಿತು. ಅಧ್ಯಾಪಕ ಮಿತ್ರರಿಗೆ ಈ ಪ್ರಸಂಗವನ್ನು ತರಗತಿಯಲ್ಲಿ ಹೇಳಿ ಎಂದು ನಾನು ಯಾವಾಗಲೂ ಒತ್ತಾಯಿಸುತ್ತೇನೆ. ಟ್ರಾನ್ಸ್‌ಫಾರ್ಮರಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇರೆ ಇಲ್ಲ.

ಥಾಮ್ಸನ್ ಬೆಸೆದದ್ದು ಸರಳುಗಳ ತುದಿಗಳನ್ನು. ಎರಡು ತಗಡುಗಳನ್ನು ಒಂದರ ಮೇಲೊಂದಿಟ್ಟು, ಎರಡೂ ಕಡೆಯಿಂದ ತಾಮ್ರದ ಮೊನೆಗಳಿಂದ ಒತ್ತಿ, ಆ ಒಂದು ಚುಕ್ಕೆಯಲ್ಲಷ್ಟೇ ಬೆಸೆಯುವ ವಿಧಾನಕ್ಕೆ 1912ರಲ್ಲಿ ಅಮೆರಿಕದ ಪೇಟೆಂಟ್ ಪಡೆದವನು ಹರ್ಮಾಟ್ಟಾ ಎಂಬಾತ. ಥಾಮ್ಸನ್ ಹೆಸರಿನ ಬೆಸುಗೆ ಕಂಪನಿ ಈ ಪೇಟೆಂಟನ್ನು ಹಿಡಿದುಕೊಂಡು ಫೋರ್ಡ್ ಕಂಪನಿಯ ಮೇಲೆ ದಾವೆ ಹೂಡಿತು. ದಾವೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಇದರಲ್ಲಿ ಹೊಸ ಆವಿಷ್ಕಾರವೇನೂ ಇಲ್ಲವೆಂಬ ಕಾರಣಕ್ಕೆ ಪೇಟೆಂಟ್ 1924ರಲ್ಲಿ ಬಿದ್ದುಹೋಯಿತು. ಅಲ್ಲಿಂದ ಮುಂದೆ ಚುಕ್ಕೆ ಬೆಸುಗೆ ಆ ದೇಶದಲ್ಲಿ ಎಲ್ಲರ ಸ್ವತ್ತು.

ಕಾಲು ಗ್ರಾಂ ಉಕ್ಕು

ಒಂದು ಚುಕ್ಕೆ ಹುಟ್ಟುವಾಗ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಕಾರಿನ ತಗಡು ಸಾಮಾನ್ಯವಾಗಿ 0.7ರಿಂದ 1 ಮಿ.ಮೀ. ದಪ್ಪ. ಪ್ರವಾಹ ಸುಮಾರು 9,000 ಆಂಪಿಯರ್, ವೋಲ್ಟ್ ಕೆಲವೇ ಕೆಲವು, ಕಾಲ ಒಂದು ಸೆಕೆಂಡಿನ ಐದನೇ ಒಂದು ಭಾಗ. ಮೊನೆಗಳ ನಡುವಿನ ರೋಧವನ್ನು ಒಂದು ಓಮಿನ ಹತ್ತು ಸಾವಿರದಲ್ಲಿ ಒಂದು ಭಾಗ ಎಂದಿಟ್ಟುಕೊಂಡರೆ, ಜೌಲ್ ನಿಯಮದಂತೆ ಉಂಟಾಗುವ ಶಾಖ ಸುಮಾರು 1,600 ಜೌಲ್. ಕರಗುವ ಉಕ್ಕು ಎಷ್ಟು? 5 ಮಿ.ಮೀ. ಅಗಲ, ಒಂದೂವರೆ ಮಿ.ಮೀ. ಎತ್ತರದ ಒಂದು ಬಿಲ್ಲೆ. ತೂಕ ಕಾಲು ಗ್ರಾಮಿಗೂ ಕಡಿಮೆ. ಅದನ್ನು ಕರಗಿಸಲು 300 ಜೌಲ್ ಸಾಕು. ಹಾಗಾದರೆ ಉಳಿದ ಶಾಖ ಎಲ್ಲಿಗೆ ಹೋಯಿತು? ಸುತ್ತಲಿನ ತಗಡಿಗೆ ಮತ್ತು ಒಳಗೆ ನೀರು ಹರಿಯುವ ತಾಮ್ರದ ಮೊನೆಗಳಿಗೆ. ತಾಮ್ರ ಹೊರಮೈಯನ್ನು ತಣ್ಣಗಿಡುವುದರಿಂದಲೇ ತಗಡುಗಳು ಹೊರಗೆ ಕರಗದೆ, ಒಂದನ್ನೊಂದು ತಾಗುವ ಒಳಮೈಯಲ್ಲಿ ಮಾತ್ರ ಕರಗುತ್ತವೆ. ಹೊರಗೆ ಕಾಣುವುದು ಒಂದು ಸಣ್ಣ ತಗ್ಗು ಮಾತ್ರ.

ಪ್ರವಾಹ ನಿಂತ ಕೂಡಲೇ ಅದೇ ತಾಮ್ರ ಕರಗಿದ ಬಿಲ್ಲೆಯ ಶಾಖವನ್ನು ಹೀರಿಬಿಡುತ್ತದೆ. ಕಾದ ಉಕ್ಕನ್ನು ಥಟ್ಟನೆ ತಣಿಸಿದರೆ ಅದು ಗಡಸಾಗುತ್ತದೆ. ಕಮ್ಮಾರ ಕುಡುಗೋಲನ್ನು ಕಾಯಿಸಿ ನೀರಿಗೆ ಅದ್ದುವುದು ಇದಕ್ಕೇ. ಆದ್ದರಿಂದ ಮೆದು ಉಕ್ಕಿನ ತಗಡಿನಲ್ಲೂ ಬೆಸುಗೆಯ ಬಿಲ್ಲೆ ಸುತ್ತಲಿನ ತಗಡಿಗಿಂತ ಎರಡು ಮೂರು ಪಟ್ಟು ಗಡಸಾಗಿರಬಹುದು. ಬಿಡಿಸುವವನ ಕಷ್ಟ ಇಲ್ಲಿಂದ ಆರಂಭ.

ಉಳಿಯಿಂದ ಬೈರಿಗೆಗೆ

ಮೊದಮೊದಲ ಕಾರುಗಳಿಗೆ ಈ ಕಷ್ಟವಿರಲಿಲ್ಲ. ಅವುಗಳ ಮೈ ಮರದ ಚೌಕಟ್ಟು. ಅದರ ಮೇಲೆ ಮೊಳೆ ಹೊಡೆದ ತಗಡು. ಫಿಲಡೆಲ್ಫಿಯಾದಲ್ಲಿಯೇ 1912ರಲ್ಲಿ ಕಂಪನಿ ತೆರೆದ ಎಡ್ವರ್ಡ್ ಬಡ್, ಆಸ್ಟ್ರಿಯಾ ಮೂಲದ ಎಂಜಿನಿಯರ್ ಜೋಸೆಫ್ ಲೆಡ್ವಿಂಕಾ ಜೊತೆ ಸೇರಿ, ಪೂರ್ತಿ ಉಕ್ಕಿನ ಮೈಯನ್ನು ಒತ್ತಿ ಬೆಸೆಯುವ ಪದ್ಧತಿಯನ್ನು ಬೆಳೆಸಿದ. ಡಾಡ್ಜ್ ಕಂಪನಿ 1914ರಿಂದ ಅಂತಹ ಮೈಗಳನ್ನು ಕೊಂಡಿತು. ಫ್ರಾನ್ಸಿನ ಸಿಟ್ರೊಯೆನ್ 1934ರಲ್ಲಿ ತಂದ ಟ್ರಾಕ್ಸಿಯೋಂ ಅವಾಂ ಕಾರಿನಲ್ಲಿ ಕೆಳಗಿನ ಪ್ರತ್ಯೇಕ ಚಾಸಿಯೇ ಇರಲಿಲ್ಲ. ಬೆಸೆದ ತಗಡಿನ ಪೆಟ್ಟಿಗೆಯೇ ಭಾರ ಹೊರುತ್ತಿತ್ತು. ನಮ್ಮ ಅಂಬಾಸಡರ್ ಕೂಡ ಇಂತಹ ಪೆಟ್ಟಿಗೆಯೇ. 1958ರಿಂದ 2014ರವರೆಗೆ ಉತ್ತರಪಾರಾದಲ್ಲಿ ತಯಾರಾದ ಆ ಕಾರನ್ನು ‘ಗಟ್ಟಿ ಚಾಸಿಯ ಗಾಡಿ’ ಎಂದು ಹೊಗಳುವವರು ಇದನ್ನು ಗಮನಿಸಿರುವುದಿಲ್ಲ. ತಗಡೇ ಎಲುಬಾದ ಮೇಲೆ ತಗಡು ಬದಲಿಸುವುದೆಂದರೆ ಎಲುಬು ಬದಲಿಸಿದಂತೆ.

ಹಳೆಯ ಟಿಂಕರ್ ಮೇಸ್ತ್ರಿಗಳ ಹತಾರ ಉಳಿ ಮತ್ತು ಸುತ್ತಿಗೆ. ಎರಡು ತಗಡುಗಳ ಸಂದಿಗೆ ಉಳಿ ತೂರಿಸಿ ಹೊಡೆದರೆ ಚುಕ್ಕೆ ಹರಿಯುತ್ತದೆ, ಆದರೆ ಸರಿಯಾಗಿ ಬೆಸೆದ ಚುಕ್ಕೆ ತಾನು ಹರಿಯದೆ ಪಕ್ಕದ ತಗಡನ್ನು ಹರಿಯುತ್ತದೆ. ಮೇಲಿನ ತಗಡು ಹೇಗೂ ಗುಜರಿಗೆ ಹೋಗುವಂಥದ್ದು. ಕೆಳಗಿನದು ಕಾರಿನಲ್ಲೇ ಉಳಿಯಬೇಕು, ಹೊಸ ತಗಡು ಅದರ ಮೇಲೆಯೇ ಕೂರಬೇಕು. ಮೇಲಿನದನ್ನು ಪೂರ್ತಿ ಕತ್ತರಿಸಬೇಕು, ಕೆಳಗಿನದನ್ನು ಗೀರಲೂಬಾರದು. ಮುಕ್ಕಾಲು ಮಿ.ಮೀ. ಆಳದಲ್ಲಿ ನಿಲ್ಲುವ ಹತಾರ ಬೇಕು.

ಸಾಮಾನ್ಯ ತಿರುಚು ಬಿಟ್ ಇದಕ್ಕೆ ಏಕೆ ಒಗ್ಗುವುದಿಲ್ಲ ಎಂಬುದನ್ನು ಪಿ.ಯು.ಸಿ. ವಿದ್ಯಾರ್ಥಿಯೂ ತ್ರಿಕೋನಮಿತಿಯಿಂದ ತೋರಿಸಬಹುದು. ಈ ಬಿಟ್‌ಗೆ ಅಮೆರಿಕದ ಸ್ಟೀಫನ್ ಮೋರ್ಸ್ 1863ರಲ್ಲಿ ಪೇಟೆಂಟ್ ಪಡೆದ. ಇಂದು ಅಂಗಡಿಯಲ್ಲಿ ಸಿಗುವ ಬಿಟ್‌ನ ತುದಿಯ ಕೋನ ಸಾಮಾನ್ಯವಾಗಿ 118 ಡಿಗ್ರಿ. 8 ಮಿ.ಮೀ. ಬಿಟ್‌ನ ತ್ರಿಜ್ಯ 4 ಮಿ.ಮೀ.; ಅದನ್ನು 59 ಡಿಗ್ರಿಯ ಟ್ಯಾಂಜೆಂಟಿನಿಂದ ಭಾಗಿಸಿದರೆ ತುದಿಯ ಶಂಕುವಿನ ಎತ್ತರ 2.4 ಮಿ.ಮೀ. ಬರುತ್ತದೆ. ಮೇಲಿನ 0.8 ಮಿ.ಮೀ. ತಗಡಿನಲ್ಲಿ ಪೂರ್ತಿ 8 ಮಿ.ಮೀ. ತೂತು ಬೀಳುವ ಹೊತ್ತಿಗೆ ಬಿಟ್‌ನ ಮೊನೆ 3.2 ಮಿ.ಮೀ. ಆಳ ಹೋಗಿರುತ್ತದೆ. ಎರಡೂ ತಗಡು ಸೇರಿ 1.6 ಮಿ.ಮೀ. ಅಂದರೆ ಕೆಳಗಿನ ತಗಡು ಎಂದೋ ತೂತಾಗಿದೆ! ಆದ್ದರಿಂದಲೇ ಈ ಕೆಲಸದ ವಿಶೇಷ ಬಿಟ್‌ನ ಮುಖ ಹೆಚ್ಚುಕಡಿಮೆ ಚಪ್ಪಟೆ. ನಡುವೆ ಜಾರದಂತೆ ಹಿಡಿಯಲು ಸಣ್ಣ ಮೊನೆಯೊಂದು ಮಾತ್ರ ಇರುತ್ತದೆ. ನಮ್ಮ ಕೆಲವು ಮೇಸ್ತ್ರಿಗಳು ಸಾಮಾನ್ಯ ಬಿಟ್ಟನ್ನೇ ಗ್ರೈಂಡರಿಗೆ ಹಿಡಿದು ಚಪ್ಪಟೆ ಮಾಡಿಕೊಳ್ಳುತ್ತಾರೆ. ಯಾವ ಪುಸ್ತಕವನ್ನೂ ನೋಡದೆ ಅವರು ತಲುಪಿದ ಪರಿಹಾರ ಇದು.

ಎರಡನೆಯ ದಾರಿ ಇನ್ನೂ ಜಾಣತನದ್ದು. ಗಡಸಾದ ಬಿಲ್ಲೆಯನ್ನು ಏಕೆ ಕೊರೆಯಬೇಕು? ಅದರ ಸುತ್ತಲೂ ಮೆದು ತಗಡಿನಲ್ಲಿ ಬಳೆಯಂತೆ ಕತ್ತರಿಸಿ, ಬಿಲ್ಲೆಯನ್ನು ಕೆಳಗಿನ ತಗಡಿನ ಮೇಲೆ ಹಾಗೆಯೇ ಬಿಟ್ಟರಾಯಿತು. ನಡುವೆ ಸ್ಪ್ರಿಂಗ್ ಮೊನೆ, ಸುತ್ತ ಹಲ್ಲು ಇರುವ ಟೊಳ್ಳು ಕಟರ್ ಮಾಡುವುದು ಇದನ್ನೇ. ಬಳೆಯಷ್ಟು ಲೋಹವನ್ನು ಮಾತ್ರ ಕತ್ತರಿಸುವುದರಿಂದ ಶ್ರಮವೂ ಕಡಿಮೆ, ಶಾಖವೂ ಕಡಿಮೆ. ಬಳೆಯಾಕಾರದ ಕಟರ್‌ಗಳನ್ನು ಬೆಳೆಸಿದವರಲ್ಲಿ ಮುಖ್ಯನಾದವನು ಅಮೆರಿಕದ ಮಿಷಿಗನ್ ರಾಜ್ಯದ ಡಗ್ಲಾಸ್ ಹೌಗನ್. ಆದರೆ ಈ ಕಟರಿನ ಹಲ್ಲುಗಳು ತೆಳು. ಕೈ ಸ್ವಲ್ಪ ವಾಲಿದರೆ, ಅಥವಾ ಚುಕ್ಕೆ ದೊಡ್ಡದಾಗಿದ್ದು ಹಲ್ಲು ಗಡಸು ಭಾಗಕ್ಕೆ ಸಿಕ್ಕರೆ, ಚಟ್ಟನೆ ಮುರಿಯುತ್ತವೆ. ಉಳಿದ ಬಿಲ್ಲೆಯನ್ನು ಆಮೇಲೆ ಉಜ್ಜಿ ಸಮ ಮಾಡುವ ಕೆಲಸವೂ ಇರುತ್ತದೆ. ಡ್ರಿಲ್ಲೇ ಹೋಗದ ಮೂಲೆಗಳಲ್ಲಿ ಬೆರಳಗಲದ ಪಟ್ಟಿಯ ಸ್ಯಾಂಡರ್ ಹಿಡಿದು ಮೇಲಿನ ತಗಡನ್ನು ಸವೆಸುತ್ತಾರೆ. ತಗಡಿಗೆ ಸತುವಿನ ಲೇಪವಿದ್ದರೆ ಮುಖವಾಡ ಹಾಕಿಕೊಳ್ಳಬೇಕು. ಆ ಧೂಳು ಒಳ್ಳೆಯದಲ್ಲ.

ಹತಾರದ ಉಕ್ಕು, ಕಾರಿನ ಉಕ್ಕು

ಆಕಾರದ ಮಾತಾಯಿತು, ಇನ್ನು ಬಿಟ್ ಯಾವುದರಿಂದ ಮಾಡಿದ್ದು ಎಂಬ ಪ್ರಶ್ನೆ. ಹಿಂದಿನ ಇಂಗಾಲದ ಉಕ್ಕಿನ ಬಿಟ್‌ಗಳು ಸ್ವಲ್ಪ ಬಿಸಿಯಾದರೆ ಮೆತ್ತಗಾಗುತ್ತಿದ್ದವು. ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಮತ್ತು ಮಾನ್ಸೆಲ್ ವೈಟ್ 1898ರಿಂದ ನಡೆಸಿದ ಪ್ರಯೋಗಗಳಿಂದ ಹೈಸ್ಪೀಡ್ ಸ್ಟೀಲ್ ಬಂತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅದು ತುದಿ ಕೆಂಪಗೆ ಕಾದರೂ ಉಕ್ಕನ್ನು ಕತ್ತರಿಸುತ್ತಿದ್ದುದನ್ನು ಕಂಡು ಜನ ಬೆರಗಾದರು. ಅದಕ್ಕೆ ಕೋಬಾಲ್ಟ್ ಬೆರೆಸಿದರೆ ಬಿಸಿಯಲ್ಲಿ ಗಡಸುತನ ಇನ್ನೂ ಹೆಚ್ಚು ಉಳಿಯುತ್ತದೆ.

ಮುಂದಿನ ಹೆಜ್ಜೆ ಜರ್ಮನಿಯದು. ಬಲ್ಬಿನ ಟಂಗ್‌ಸ್ಟನ್ ತಂತಿಯನ್ನು ಎಳೆಯುವ ಅಚ್ಚಿಗೆ ದುಬಾರಿ ವಜ್ರದ ಬದಲು ಬೇರೇನು ಬಳಸಬಹುದು ಎಂದು ಹುಡುಕುತ್ತಿದ್ದ ಓಸ್ರಾಮ್ ಕಂಪನಿಯ ಕಾರ್ಲ್ ಶ್ರೋಟರ್, 1923ರಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟಿನಿಂದ ಬಂಧಿಸಿದ. ಕ್ರುಪ್ ಕಂಪನಿ 1926ರಲ್ಲಿ ಅದನ್ನು ‘ವಜ್ರದಂತೆ’ ಎಂಬ ಅರ್ಥದ ಜರ್ಮನ್ ಪದಗಳಿಂದ ಕೂಡಿಸಿದ ‘ವಿಡಿಯಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಬೆಂಗಳೂರಿನವರಿಗೆ ಈ ಹೆಸರು ಹೊಸದಲ್ಲ. 1960ರ ದಶಕದಲ್ಲಿ ತುಮಕೂರು ರಸ್ತೆಯಲ್ಲಿ ಅದೇ ಹೆಸರಿನ ಕಾರ್ಖಾನೆ ಬಂತು; ಈಗ ಅದು ಕೆನ್ನಾಮೆಟಲ್ ಇಂಡಿಯಾ. ಹಾರ್ಡ್‌ವೇರ್ ಅಂಗಡಿಯಲ್ಲಿ ಯಾವ ಕಂಪನಿಯ ಕಾರ್ಬೈಡ್ ಬಿಟ್ ಕೇಳುವವರೂ ‘ವಿಡಿಯಾ ಬಿಟ್ ಕೊಡಿ’ ಎನ್ನುವುದು ಇಂದಿಗೂ ರೂಢಿ.

ಇಷ್ಟು ಹೊತ್ತಿಗೆ ಹತಾರ ಗೆದ್ದಿತೆನ್ನಬೇಕು. ಆದರೆ ಕಾರಿನ ಉಕ್ಕು ಸುಮ್ಮನೆ ಕುಳಿತಿರಲಿಲ್ಲ. ಸ್ವೀಡನ್ನಿನಲ್ಲಿ 1970ರ ದಶಕದಲ್ಲಿ ಬೋರಾನ್ ಉಕ್ಕನ್ನು ಕಾಯಿಸಿ ಒತ್ತುವ ವಿಧಾನ ರೂಪುಗೊಂಡಿತು. ಬೋರಾನಿನ ಪ್ರಮಾಣ ಹತ್ತು ಲಕ್ಷ ಭಾಗಗಳಲ್ಲಿ 20ರಿಂದ 50 ಭಾಗ ಅಷ್ಟೇ. ತಗಡನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಿ, ತಣ್ಣೀರು ಹರಿಯುವ ಅಚ್ಚಿನಲ್ಲಿ ಒತ್ತಿ, ಅಲ್ಲಿಯೇ ತಣಿಸುತ್ತಾರೆ. ಆಕಾರ ಕೊಡುವುದೂ ಗಡಸು ಮಾಡುವುದೂ ಒಟ್ಟಿಗೇ ಮುಗಿಯುತ್ತದೆ. ಇಂಗಾಲದ ಪರಮಾಣುಗಳಿಗೆ ಹೊರಬರಲು ಸಮಯವಿಲ್ಲದೆ ಉಕ್ಕಿನ ಹರಳುಗಳು ಮಾರ್ಟೆನ್‌ಸೈಟ್ ಎಂಬ ಬಿಗಿಯಾದ ರಚನೆ ಪಡೆಯುತ್ತವೆ. ಮೆದು ತಗಡು ತಾಳುವ ಎಳೆತ ಸುಮಾರು 300 ಮೆಗಾಪಾಸ್ಕಲ್ ಆದರೆ, ಇದು ತಾಳುವುದು ಸುಮಾರು 1,500. ಸಾಬ್ ಕಂಪನಿ 1984ರಲ್ಲಿ ತನ್ನ 9000 ಮಾದರಿಯಲ್ಲಿ ಇದನ್ನು ಬಳಸಿತು. ಈ ಶತಮಾನದ ಆರಂಭದಿಂದ ಇದು ವ್ಯಾಪಕವಾಯಿತು. ಭಾರತದಲ್ಲಿ 2017ರ ಅಕ್ಟೋಬರಿನಿಂದ ಹೊಸ ಮಾದರಿಯ ಕಾರುಗಳಿಗೆ ಮುಂಬದಿ ಮತ್ತು ಪಕ್ಕದ ಡಿಕ್ಕಿ ಪರೀಕ್ಷೆ ಕಡ್ಡಾಯವಾದ ಮೇಲೆ, ಬಾಗಿಲ ಕಂಬ ಮತ್ತು ಹೊಸ್ತಿಲುಗಳಲ್ಲಿ ಗಟ್ಟಿ ಉಕ್ಕುಗಳ ಬಳಕೆ ನಮ್ಮಲ್ಲೂ ಸಾಮಾನ್ಯವಾಗಿದೆ.

ಈಗ ಬಳೆ ಕಟರಿನ ಜಾಣತನ ಸೋಲುತ್ತದೆ, ಏಕೆಂದರೆ ಬಿಲ್ಲೆಯ ಸುತ್ತ ಮೆದು ತಗಡೇ ಇಲ್ಲ. ಬೆಸುಗೆಯ ಶಾಖದಿಂದ ಮೆತ್ತಗಾದ ಕಿರಿದಾದ ಉಂಗುರವೊಂದು ಇರುತ್ತದೆ ನಿಜ, ಆದರೆ ಅದು ಕಟರಿನ ಅಳತೆಗೆ ಸರಿಯಾಗಿ ಸಿಗುತ್ತದೆಂಬ ಭರವಸೆಯಿಲ್ಲ. ಇಲ್ಲಿ ಬೇಕಾದದ್ದು ಚಪ್ಪಟೆ ಮುಖದ ಕಾರ್ಬೈಡ್ ಬಿಟ್, ಅಲುಗದಂತೆ ಹಿಡಿಯುವ ಕ್ಲಾಂಪು, ಬಲವಾದ ಒತ್ತು ಮತ್ತು ಕಡಿಮೆ ವೇಗ. ಹುಡುಗ ಮಾಡಿದ ತಪ್ಪು ವೇಗದ್ದೂ ಹೌದು. 8 ಮಿ.ಮೀ. ಬಿಟ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅದರ ಅಂಚು ನಿಮಿಷಕ್ಕೆ 75 ಮೀಟರ್ ಓಡುತ್ತದೆ. ಹೈಸ್ಪೀಡ್ ಸ್ಟೀಲಿಗೆ ಮೆದು ಉಕ್ಕಿನಲ್ಲೇ 25ರಿಂದ 30 ಮೀಟರ್ ಮಿತಿ. ಕತ್ತರಿಸದೆ ಉಜ್ಜಿದ ಬಿಟ್ ಕಾಯ್ದು ಸುಮಾರು 600 ಡಿಗ್ರಿ ದಾಟಿದರೆ ಹೈಸ್ಪೀಡ್ ಸ್ಟೀಲೂ ಮೆತ್ತಗಾಗುತ್ತದೆ. ನೀಲಿ ಬಣ್ಣ ಆ ದಾರಿಯ ಮೊದಲ ಎಚ್ಚರಿಕೆ.

ಗ್ಯಾಸ್ ಜ್ವಾಲೆ ಹಿಡಿದಿದ್ದರೆ? ತಗಡೇನೋ ಬಿಡುತ್ತಿತ್ತು. ಆದರೆ ಉಳಿಯಬೇಕಾದ ಒಳಗಿನ ಕಂಬ ಕೆಂಪಗೆ ಕಾದು, ಗಾಳಿಯಲ್ಲಿ ನಿಧಾನವಾಗಿ ಆರಿ, ಮಾರ್ಟೆನ್‌ಸೈಟ್ ಕಳೆದುಕೊಂಡು 600 ಮೆಗಾಪಾಸ್ಕಲ್‌ಗೆ ಇಳಿಯಬಹುದಿತ್ತು. ಬಣ್ಣ ಬಳಿದ ಮೇಲೆ ಅದನ್ನು ಕಂಡುಹಿಡಿಯುವವರು ಯಾರು? ಮೇಸ್ತ್ರಿಯವರು ಹೇಳಿದ ಸಾವು ಇದೇ.

ಕಣ್ಣಿಗೆ ಕಾಣದ ಇಂತಹ ದುರಸ್ತಿಯ ಬೆಲೆ ಏನೆಂಬುದಕ್ಕೆ ಅಮೆರಿಕದ ಟೆಕ್ಸಾಸಿನಲ್ಲಿ ಒಂದು ಉದಾಹರಣೆಯಿದೆ. ಅಲ್ಲಿ ಆಲಿಕಲ್ಲಿನಿಂದ ಹಾಳಾದ 2010ರ ಮಾದರಿಯ ಹೊಂಡಾ ಫಿಟ್ ಕಾರಿನ ಚಾವಣಿಯನ್ನು ದುರಸ್ತಿಯಂಗಡಿಯೊಂದು 2012ರಲ್ಲಿ ಬದಲಿಸಿತು. ನಮ್ಮಲ್ಲಿ ಜಾಝ್ ಎಂದು ಮಾರಾಟವಾದ ಕಾರು ಇದು. ತಯಾರಕರ ವಿಧಾನದಂತೆ ನೂರಕ್ಕೂ ಹೆಚ್ಚು ಚುಕ್ಕೆಗಳಿಂದ ಬೆಸೆಯಬೇಕಿದ್ದ ಚಾವಣಿಯನ್ನು ಅವರು ಅಂಟಿನಿಂದ ಕೂರಿಸಿದ್ದರು. ಹೊರಗಿನಿಂದ ಎಲ್ಲವೂ ಚೆನ್ನಾಗಿತ್ತು. ಅದನ್ನು ಹಳೆಯ ಕಾರಾಗಿ ಕೊಂಡ ದಂಪತಿಗೆ ಈ ವಿಷಯ ಗೊತ್ತಿರಲಿಲ್ಲ. 2013ರ ಡಿಸೆಂಬರಿನಲ್ಲಿ ಡಿಕ್ಕಿಯಾದಾಗ ಚಾವಣಿ ಬಿಟ್ಟುಕೊಂಡಿತು, ಪೆಟ್ಟಿಗೆ ಕುಸಿಯಿತು, ಬೆಂಕಿ ಹತ್ತಿ ಇಬ್ಬರಿಗೂ ತೀವ್ರ ಗಾಯಗಳಾದವು. 2017ರಲ್ಲಿ ನ್ಯಾಯದರ್ಶಿಗಳು ಅಂಗಡಿಯ ಪಾಲಿಗೆ 3 ಕೋಟಿ 15 ಲಕ್ಷ ಡಾಲರ್ ಪರಿಹಾರ ವಿಧಿಸಿದರು.

ನನ್ನ ಕಾರಿನ ವಿಷಯಕ್ಕೆ ಬಂದರೆ, ಮೇಸ್ತ್ರಿಯವರು ಅಂದು ಕೆಲಸ ನಿಲ್ಲಿಸಿದರು. ಎರಡು ದಿನ ಬಿಟ್ಟು ಬೆಂಗಳೂರಿನಿಂದ ವಿಡಿಯಾ ಬಿಟ್ ತರಿಸಿದರು. ಬಣ್ಣ ಕೆರೆದು, ಪ್ರತಿ ಚುಕ್ಕೆಗೂ ಸೆಂಟರ್ ಪಂಚ್ ಹೊಡೆದು, ಸುಣ್ಣದ ಕಡ್ಡಿಯಿಂದ ಅಂಕಿ ಹಾಕುತ್ತ ಹೋದರು. ಅಂಕಿ ಏಕೆ ಎಂದರೆ, ‘ಎಷ್ಟು ತೆಗೀತೀವೋ ಅಷ್ಟು ಹಾಕ್ಬೇಕಲ್ಲ ಸಾರ್, ಮರೆತುಹೋಗ್ತದೆ’ ಎಂದರು. ಬಿಲ್ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಆಯಿತು. ವಿಮೆಯವರು ಬಿಟ್‌ನ ಹಣ ಕೊಡಲಿಲ್ಲ.

ಅಧ್ಯಾಪಕರು ಇದರಲ್ಲಿ ಒಂದಂಶವನ್ನು ಶಾಲೆಯಲ್ಲೇ ತೋರಿಸಬಹುದು. ಗುಜರಿ ಅಂಗಡಿಯಲ್ಲಿ ಹಳೆಯ ಕಾರಿನ, ನಾಲ್ಕಾರು ಚುಕ್ಕೆಗಳಿರುವ ಜೋಡು ತಗಡಿನ ತುಂಡು ಸುಲಭವಾಗಿ ಸಿಗುತ್ತದೆ. ಅದನ್ನು ವೈಸಿಗೆ ಕಚ್ಚಿಸಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಮೇಲಿನ ತಗಡನ್ನು ಇಕ್ಕಳದಿಂದ ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ಸುಲಿಯಿರಿ. ಒಳ್ಳೆಯ ಚುಕ್ಕೆಯಾದರೆ ಒಂದು ತಗಡಿನಲ್ಲಿ ದುಂಡನೆಯ ತೂತು, ಇನ್ನೊಂದರ ಮೇಲೆ ಅಂಗಿಯ ಗುಂಡಿಯಂತಹ ಬಿಲ್ಲೆ ಉಳಿಯುತ್ತದೆ. ಬಿಲ್ಲೆಯ ವ್ಯಾಸವನ್ನು ವರ್ನಿಯರಿನಿಂದ ಅಳೆಯಿರಿ. ತಗಡಿನ ದಪ್ಪದ ವರ್ಗಮೂಲದ ನಾಲ್ಕು ಪಟ್ಟಿಗಿಂತ (ಎಲ್ಲವೂ ಮಿ.ಮೀ.ಗಳಲ್ಲಿ) ಅದು ಕಡಿಮೆಯಿದ್ದರೆ ಕಾರ್ಖಾನೆಗಳಲ್ಲಿ ಆ ಚುಕ್ಕೆಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬಳಿಕ ಮೊಂಡು ಅರವೊಂದನ್ನು ಮೊದಲು ತಗಡಿನ ಮೇಲೂ ಆಮೇಲೆ ಬಿಲ್ಲೆಯ ಮೇಲೂ ಒಂದೇ ಒತ್ತಿನಲ್ಲಿ ಎಳೆದು ನೋಡಿ. ಎರಡರ ವ್ಯತ್ಯಾಸ ಕೈಗೆ ತಿಳಿಯುತ್ತದೆ.